ಫ್ಯಾಮಿಲಿ ಲಿಂಕ್, ಯೂಟ್ಯೂಬ್ ಕಿಡ್ಸ್, ಹಾಲ್‌ನ ಟಿವಿ: ನಮ್ಮನೆಗೆ ಒಗ್ಗಿದ್ದು ಯಾವುದು?

ಮಕ್ಕಳು ಮೊಬೈಲ್, ಟಿವಿ ನೋಡುವುದಕ್ಕೆ ಮಿತಿ ಹಾಕಲು ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಈ ಮೂರನ್ನೂ ಬಳಸಿ ನೋಡಿದ್ದೇವೆ. ಮಗಳು ಮೂರನೇ ಕ್ಲಾಸ್, ಮಗ ಯುಕೆಜಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಸಂಜೆ ಮಕ್ಕಳ ಜೊತೆ ಇರುವುದು ಅತ್ತೆ. ಹಾಗಾಗಿ ನನಗೆ ಬೇಕಿದ್ದದ್ದು ಇಷ್ಟೇ: ನಾನು ಇಲ್ಲದಾಗಲೂ ಜಗಳವಿಲ್ಲದೆ ನೋಡುವುದು ನಿಲ್ಲಬೇಕು.

ಮಕ್ಕಳ ಫೋನನ್ನು ದೂರದಿಂದಲೇ ಹತೋಟಿಯಲ್ಲಿಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ನಿಯಮದಲ್ಲಿ ಪಕ್ಕಾ. ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್‌ಗೆ ಎಷ್ಟು ನಿಮಿಷ, ರಾತ್ರಿ ಯಾವಾಗ ಬಂದ್, ಎಲ್ಲವನ್ನೂ ನನ್ನ ಫೋನಿನಿಂದಲೇ ಇಡಬಹುದು. ಆದರೆ ಕಥೆ ಅರ್ಧದಲ್ಲಿದ್ದರೂ ಟೈಮ್ ಮುಗಿದರೆ ಲಾಕ್. ಮಗಳು ಆಫೀಸಿಗೆ ಫೋನ್ ಮಾಡುತ್ತಾಳೆ: "ಅಮ್ಮಾ, ಹತ್ತೇ ನಿಮಿಷ ಕೊಡಮ್ಮಾ, ಮುಗ್ದೇ ಹೋಗುತ್ತೆ." ಮಗನದು ಇನ್ನೂ ಸುಲಭ ದಾರಿ, ಸೀದಾ ಅಜ್ಜಿಯ ಫೋನ್. ಅದಕ್ಕೆ ಲಾಕ್ ಇಲ್ಲವಲ್ಲ!

ಯೂಟ್ಯೂಬ್ ಕಿಡ್ಸ್ ಚಿಕ್ಕವನಿಗೆ ನಿಜಕ್ಕೂ ಒಳ್ಳೆಯದು. ಅದರಲ್ಲೂ ಟೈಮರ್ ಇದೆ. ಆದರೆ ಸುಮ್ನೆ ಹಾಕಿಕೊಟ್ಟರೆ ಆಟಿಕೆ ಡಬ್ಬ ಬಿಚ್ಚುವ ವಿಡಿಯೋಗಳದ್ದೇ ಸುರಿಮಳೆ. ಸರ್ಚ್ ಬಂದ್ ಮಾಡಿ, ನಾವೇ ಆರಿಸಿದ ಚಾನೆಲ್‌ಗಳು ಮಾತ್ರ ಕಾಣುವಂತೆ ಮಾಡಬೇಕು. ಒಂದು ಸಂಜೆ ಕೂತು ಮಾಡುವ ಕೆಲಸ, ಆದರೆ ಮಾಡಲೇಬೇಕು. ಇನ್ನೊಂದು ವಿಷಯ: ಸೆಟ್ಟಿಂಗ್ಸ್ ತೆರೆಯಲು ಅದು ಗುಣಾಕಾರದ ಲೆಕ್ಕ ಕೇಳುತ್ತದೆ. ಮಗಳಿಗೆ ಮಗ್ಗಿ ಬಾಯಿಪಾಠ. ಏಳೆಂಟಲ ಐವತ್ತಾರು ಎಂದು ಒತ್ತಿ ತಮ್ಮನ ಟೈಮರ್ ತೆಗೆದುಬಿಟ್ಟಿದ್ದಳು. ಮಗ್ಗಿ ಬರುವ ಮಕ್ಕಳಿದ್ದರೆ ಮೊದಲು ನಿಮ್ಮದೇ ಪಾಸ್‌ಕೋಡ್ ಇಡಿ.

ನಾನು ಉಳಿಸಿಕೊಂಡದ್ದು ಹಾಲ್‌ನ ಟಿವಿ. ಸದ್ದು ಅಡುಗೆಮನೆವರೆಗೂ ಕೇಳುತ್ತದೆ, ಏನು ನೋಡುತ್ತಿದ್ದಾರೆ ಅಂತ ಅತ್ತೆಗೆ ಗೊತ್ತಾಗುತ್ತದೆ. ಚಿಂಟು ಟಿವಿಯಲ್ಲಿ ಕಾರ್ಟೂನ್ ಮುಗಿದರೆ ಮುಗಿಯಿತು, ಮಕ್ಕಳೂ ಒಪ್ಪುತ್ತಾರೆ. ಎಷ್ಟು ಹೊತ್ತು ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಜಗಳದ ಮೂಲ ಅಂತ ನನಗೆ ಅರ್ಥವಾದದ್ದು ಇಲ್ಲೇ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ "ಆ ನರಿ ಯಾಕೋ ಸುಳ್ಳು ಹೇಳ್ತು?" ಅಂತ ಕೇಳುತ್ತಾರೆ. ಮಗ ಟಿವಿ ಬಿಟ್ಟು ಅಜ್ಜಿಗೆ ಕಥೆ ಬಿಡಿಸಿ ಹೇಳಲು ಶುರುಮಾಡುತ್ತಾನೆ. ಇದನ್ನು ಯಾವ ಆ್ಯಪ್ ಕೊಡುತ್ತದೆ, ಹೇಳಿ? ಜಾಹೀರಾತಿನ ಕಾಟ ಇದೆ, ನಿಜ. ಊಟದ ಹೊತ್ತಿಗಂತೂ ಟಿವಿ ಬೇಡವೇ ಬೇಡ.

ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಹೀಗಿದೆ: 2ರಿಂದ 5 ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, 5ರಿಂದ 10ರವರೆಗೆ 2 ಗಂಟೆಗಿಂತ ಕಡಿಮೆ. ಶಾಲೆ ಇರುವ ದಿನ ನಮ್ಮಲ್ಲಿ ಅಷ್ಟೂ ಆಗುವುದಿಲ್ಲ, ಐದು ಗಂಟೆಗೆ ಇಬ್ಬರೂ ಪಾರ್ಕಿಗೆ ಓಡಿರುತ್ತಾರೆ. ಕಷ್ಟ ಏನಿದ್ದರೂ ಬೇಸಿಗೆ ರಜೆಯಲ್ಲಿ. ಈ ಸಲ ಮಗಳನ್ನು ರಂಗಾಯಣದ ಮಕ್ಕಳ ಬೇಸಿಗೆ ಶಿಬಿರ ಚಿಣ್ಣರ ಮೇಳಕ್ಕೆ ಸೇರಿಸಬೇಕು. ಮಗನಿಗೆ ಕಿಡ್ಸ್ ಆ್ಯಪ್ ಇದ್ದೇ ಇರುತ್ತದೆ, ಆದರೆ ಅದೂ ಹಾಲ್‌ನ ಟಿವಿಯಲ್ಲೇ.