ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಳ್ಳುವ ಮುಂಚೆ ಡಬ್ಬಿಯ ಸ್ಪಂಜು ಎತ್ತಿ ನೋಡಿ

ಪಿಸ್ತೂಲು ಕೊಂಡು ಮೋಸ ಹೋದದ್ದು ಗೊತ್ತಾಗಿಯೂ ಮೂರು ತಿಂಗಳಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕಾರಣ ನಾಚಿಕೆ, ಬೇರೇನೂ ಅಲ್ಲ. "ಕೊಡಗಿನವನಾಗಿ ನಿನಗೆ ಇಷ್ಟೂ ಗೊತ್ತಾಗಲಿಲ್ವಾ?" ಅಂತ ಜನ ಕೇಳುತ್ತಾರೆ. ಕೇಳಿಯೂ ಆಯಿತು. ಆದರೆ ಮೊನ್ನೆ ಬಂದ ಒಂದು ಮೆಸೇಜ್ ನೋಡಿ ನಾಚಿಕೆಗಿಂತ ಸಿಟ್ಟು ಜಾಸ್ತಿ ಆಗಿದೆ. ಆ ಮೆಸೇಜ್ ವಿಷಯ ಕೊನೆಗೆ ಹೇಳುತ್ತೇನೆ.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಹುಟ್ಟಿ ಬೆಳೆದದ್ದು ವಿರಾಜಪೇಟೆ ಕಡೆ. ಮನೆಯಲ್ಲಿ ತಾತನ ಜೋಡು ನಳಿಗೆ ಕೋವಿ ಇತ್ತು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂವು ಕಟ್ಟಿ ಪೂಜೆ ಮಾಡುತ್ತಿದ್ದೆವು. ಕೋವಿ ಕೈಗೆ ಬಂದ ಕೂಡಲೇ ಬಿಚ್ಚಿ ನಳಿಗೆ ಒಳಗೆ ಬೆಳಕು ನೋಡಬೇಕು, ಖಾಲಿ ಇದ್ದರೂ ಮನುಷ್ಯರ ಕಡೆ ತಿರುಗಿಸಬಾರದು. ಇದನ್ನೆಲ್ಲ ಎಂಟು ವರ್ಷಕ್ಕೇ ಕಲಿತವನು ನಾನು. ಅದಕ್ಕೇ ಈ ಮೋಸ ಇಷ್ಟು ಉರಿಯುತ್ತಿರುವುದು. ಕೋವಿ ನೋಡಲು ಕಲಿತಿದ್ದೆ, ಮಾರುವವನನ್ನು ನೋಡಲು ಕಲಿತಿರಲಿಲ್ಲ.

ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಪಿಸ್ತೂಲು ಇರಲಿ ಅನ್ನಿಸಿತು. ನಮ್ಮ ಕನ್ನಡ ಬಳಗದಲ್ಲೇ ಒಬ್ಬರಿದ್ದಾರೆ. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣ ಅಂತಲೇ ಕರೆಯುವುದು. ದೀಪಾವಳಿ ಊಟದಲ್ಲಿ ಒಬ್ಬಟ್ಟು ತಿನ್ನುತ್ತಾ "ಅಂಗಡಿಗೆ ಯಾಕೋ ಹೋಗ್ತೀಯ ಮಾರಾಯ, ನನ್ ಹತ್ರ ಒಂದಿದೆ, ಇನ್ನೂರು ರೌಂಡೂ ಹೊಡೆದಿಲ್ಲ" ಅಂದರು. ಇಲ್ಲಿ ಅಂಗಡಿಯಲ್ಲಿ ಕೊಂಡರೆ 4473 ಅನ್ನುವ ಫಾರಂ ತುಂಬಬೇಕು, ಬ್ಯಾಕ್‌ಗ್ರೌಂಡ್ ಚೆಕ್ ಆಗಬೇಕು. ಟೆಕ್ಸಾಸ್‌ನಲ್ಲಿ ಒಬ್ಬ ನಿವಾಸಿ ಇನ್ನೊಬ್ಬನಿಗೆ ಖಾಸಗಿಯಾಗಿ ಮಾರಿದರೆ ಅದು ಯಾವುದೂ ಬೇಡ. 425 ಡಾಲರ್ ಕೊಟ್ಟೆ. ಅವರು ಡಬ್ಬಿ ಕೊಟ್ಟರು. ಕೈಕುಲುಕಿದೆವು. ನಮ್ಮವರಲ್ವಾ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಯಾವ ಕಂಪನಿ, ಯಾವ ಮಾಡೆಲ್ ಅಂತ ಬರೆಯುವುದಿಲ್ಲ. ವಕೀಲರು ಬೇಡ ಅಂದಿದ್ದಾರೆ. ಸ್ಟ್ರೈಕರ್ ಪಿಸ್ತೂಲು, ಇಷ್ಟು ಸಾಕು. ಇದಕ್ಕೆ ಹಿಂದುಗಡೆ ಕಾಣುವ ಕುದುರೆ, ಅಂದರೆ ಸುತ್ತಿಗೆಯ ಹಾಗೆ ಹೊಡೆಯುವ ಭಾಗ ಇರುವುದಿಲ್ಲ. ಮೇಲಿನ ಸ್ಲೈಡ್ ಒಳಗೆ ಸ್ಪ್ರಿಂಗ್ ಹಾಕಿದ ಒಂದು ಮೊಳೆ, ಅದೇ ಸ್ಟ್ರೈಕರ್. ಟ್ರಿಗ್ಗರ್ ಎಳೆದಾಗ ಅದು ಬಿಟ್ಟುಕೊಂಡು ತೋಟೆಯ ಬೆನ್ನಿಗೆ ಹೊಡೆಯುತ್ತದೆ. ಈಗಿನ ಪಿಸ್ತೂಲುಗಳು ಹೆಚ್ಚಿನವು ಇದೇ ಜಾತಿ. ನನ್ನದಕ್ಕೆ ಕೈಯಿಂದ ಒತ್ತುವ ಸೇಫ್ಟಿ ಇರಲಿಲ್ಲ. ಟ್ರಿಗ್ಗರ್ ಎಳೆಯದೆ ಗುಂಡು ಹಾರುವುದಿಲ್ಲ ಅನ್ನುವುದೇ ಅದರ ಸೇಫ್ಟಿ.

ಫೆಬ್ರವರಿಯ ಒಂದು ಶನಿವಾರ. ಗ್ಯಾರೇಜಿನಲ್ಲಿ ನಿಂತು ಪಿಸ್ತೂಲಿಟ್ಟ ಸೊಂಟದ ಚೀಲ, ಅಂದರೆ ಹೋಲ್‌ಸ್ಟರ್ ಬಿಚ್ಚುತ್ತಿದ್ದೆ. ಕ್ಲಿಪ್ ಜಾರಿತು. ಪಿಸ್ತೂಲು ಹೋಲ್‌ಸ್ಟರ್‌ನಿಂದ ಕಳಚಿ ಬಿತ್ತು. ಹೌದು, ಚೇಂಬರ್‌ನಲ್ಲಿ ತೋಟೆ ಇತ್ತು. ಹೌದು, ಮೊದಲು ಖಾಲಿ ಮಾಡಬೇಕಿತ್ತು. ಬೈಯುವವರು ಬೈದುಕೊಳ್ಳಿ. ಆದರೆ ನನ್ನ ಎರಡೂ ಕೈ ಬೆಲ್ಟ್ ಮೇಲಿದ್ದವು. ಪಿಸ್ತೂಲು ಸೊಂಟದ ಎತ್ತರದಿಂದ ಹಿಂಭಾಗ ಕೆಳಗಾಗಿ, ಮೂತಿ ಓರೆಯಾಗಿ ಮೇಲಾಗಿ ಸಿಮೆಂಟ್ ನೆಲಕ್ಕೆ ಬಿತ್ತು.

ಢಂ.

ಕಿವಿ ಮುಚ್ಚಿಹೋಯಿತು. ಆಮೇಲೆ ನೋಡುತ್ತೇನೆ, ಎದುರಿನ ರ‍್ಯಾಕಿನಿಂದ ಅಕ್ಕಿ ಸುರಿಯುತ್ತಿದೆ. ಸೋನಾ ಮಸೂರಿ, 20 ಪೌಂಡಿನ ಚೀಲಗಳು, ಒಂದರ ಹಿಂದೆ ಒಂದು ಇಟ್ಟಿದ್ದೆವು. ಅಕ್ಕಿ ಸಣ್ಣ ದಾರದ ಹಾಗೆ ನನ್ನ ಚಪ್ಪಲಿ ಮೇಲೆ ಬೀಳುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆ ರ‍್ಯಾಕಿನ ಹಿಂದೆ ಜಿಪ್ಸಂ ಹಲಗೆಯ ಗೋಡೆ. ಗೋಡೆಯ ಆ ಕಡೆ ಒಲೆ. ಒಲೆ ಮುಂದೆ ನನ್ನ ಹೆಂಡತಿ.

ಗುಂಡು ಎರಡನೇ ಚೀಲದಲ್ಲಿ ಸಿಕ್ಕಿತು. ರಾತ್ರಿ ಅವಳೇ ಮೊರ ಹಿಡಿದು ಅಕ್ಕಿ ಕೇರುವಾಗ ಟಣ್ ಅಂತು. ಮೂತಿ ಚಪ್ಪಟೆಯಾದ ಗುಂಡು. ಅವಳು ಅದನ್ನು ಕಲ್ಲು ಆರಿಸಿ ಇಡುವ ಹಾಗೆ ಕಟ್ಟೆ ಮೇಲೆ ಪಕ್ಕಕ್ಕೆ ಇಟ್ಟಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೂ ಮುಂಚೆ ಪೊಲೀಸರು ಬಂದಿದ್ದರು, ಪಕ್ಕದ ಮನೆಯವರು 911ಕ್ಕೆ ಫೋನ್ ಮಾಡಿದ್ದರಿಂದ. "ಬೆರಳು ಟ್ರಿಗ್ಗರ್ ಮೇಲಿತ್ತಾ?" ಅಂತ ಮೂರು ಸಲ ಕೇಳಿದರು. ಇಲ್ಲ ಅಂತ ಮೂರು ಸಲ ಹೇಳಿದೆ. ಅವತ್ತಿನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಲ್ಲ.

ಮಾರನೇ ದಿನ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿದೆ. ಹಸಿರು ಬಣ್ಣದಲ್ಲಿ ಬಂತು: ನಿಮ್ಮ ಪಿಸ್ತೂಲು ಉಚಿತ ಅಪ್‌ಗ್ರೇಡ್‌ಗೆ ಅರ್ಹವಾಗಿದೆ. ಲಾಟರಿ ಹೊಡೆದವರಿಗೆ ಹೇಳುವ ಹಾಗೆ! ಬಿದ್ದರೆ ಗುಂಡು ಹಾರಬಹುದು ಅನ್ನುವುದು ನಾಲ್ಕು ಪ್ಯಾರಾ ಕೆಳಗೆ, ಸಣ್ಣ ಅಕ್ಷರದಲ್ಲಿ.

ವಾಪಸ್ ಕಳಿಸಲು ಡಬ್ಬಿ ತೆಗೆದೆ. ಒಳಗಿನ ಕಪ್ಪು ಸ್ಪಂಜು ಸ್ವಲ್ಪ ಎದ್ದಿತ್ತು. ಅದುಮಿದರೆ ಕೂರುತ್ತಿಲ್ಲ. ಎತ್ತಿದೆ. ಕೆಳಗೆ ನಾಲ್ಕಾಗಿ ಮಡಚಿದ ಕವರ್. ಕಂಪನಿಯ ಮುದ್ರೆ. ಮೇಲೆ ಅಣ್ಣನ ಹೆಸರು, ಅಣ್ಣನ ಹಳೆಯ ಮನೆಯ ವಿಳಾಸ.

ಕವರ್ ಒಡೆದಿತ್ತು.

ನೋಡಿ, ಗುಂಡು ಹಾರಿದಾಗ ನನಗೆ ಹೆದರಿಕೆ ಆಯಿತು, ಅಷ್ಟೇ. ಆದರೆ ಆ ಒಡೆದ ಕವರ್ ನೋಡಿದಾಗ ಹೊಟ್ಟೆಯೊಳಗೆ ಏನೋ ಕುಸಿಯಿತು. ಕಾಗದ ಬಿಡಿಸಿ ಓದಿದ್ದಾರೆ. ಅದೇ ಮಡಿಕೆಗೆ ಮತ್ತೆ ಮಡಚಿದ್ದಾರೆ. ಸ್ಪಂಜು ಎತ್ತಿ ಕೆಳಗಿಟ್ಟಿದ್ದಾರೆ. ಎಸೆಯಬಹುದಿತ್ತು, ಎಸೆದಿಲ್ಲ. ಮರೆತರಾ, ಬೇಕೆಂದೇ ಅಲ್ಲಿಟ್ಟರಾ, ಇವತ್ತಿಗೂ ನನಗೆ ತಿಳಿಯದು. ನನ್ನ ಮನೆಯಲ್ಲಿ ಮಗು ಇದೆ ಅಂತ ಅವರಿಗೆ ಗೊತ್ತು. ನಾಮಕರಣಕ್ಕೆ ಬಂದಿದ್ದರು.

ಫೋನ್ ಮಾಡಿದೆ. "ಅಣ್ಣಾ, ಈ ಕಾಗದ ನೀವು ಓದಿದ್ರಾ?"

"ಯಾವ್ದು? ಓ ಅದಾ. ಓದಿದ್ದೆ ಅನ್ಸುತ್ತೆ."

"ಮತ್ತೆ ಹೇಳಲಿಲ್ವಲ್ಲಾ?"

"ವಾಲಂಟರಿ ಅಂತ ಇತ್ತಲ್ಲೋ. ಮಾಡಿಸ್ಲೇಬೇಕು ಅಂತ ಏನಿರ್ಲಿಲ್ಲ. ನೀನ್ಯಾಕೆ ಬೀಳಿಸ್ದೆ?"

ನೀನ್ಯಾಕೆ ಬೀಳಿಸ್ದೆ! ಇಷ್ಟಕ್ಕೇ ನಿಲ್ಲಲಿಲ್ಲ. ದುಡ್ಡು ವಾಪಸ್ ಕೊಡಿ ಅಂದದ್ದಕ್ಕೆ ರಾತ್ರಿ ವಾಟ್ಸಾಪ್‌ನಲ್ಲಿ ಬರೆದರು: "ಕೊಟ್ಟಿದ್ದು ಕೊಟ್ಟಾಯ್ತು. ಬೇಕಾದ್ರೆ ಅಕ್ಕಿ ಮೂಟೆ ದುಡ್ಡು ಕೊಡ್ತೀನಿ." ಪಕ್ಕದಲ್ಲಿ ನಗುವ ಮುಖ.

ಈ ವಾಲಂಟರಿ ಅನ್ನುವ ಪದ ಇದೆಯಲ್ಲ, ಅದರ ಬಗ್ಗೆ ಒಂದಿಷ್ಟು ಹೇಳಲೇಬೇಕು. ಅಮೆರಿಕದಲ್ಲಿ ಮಕ್ಕಳ ಆಟಿಕೆಯಲ್ಲಿ ದೋಷ ಇದ್ದರೆ ವಾಪಸ್ ತಗೊಳ್ಳಿ ಅಂತ ಆದೇಶ ಮಾಡಲು ಗ್ರಾಹಕ ಸುರಕ್ಷತಾ ಆಯೋಗ ಇದೆ. ಬಂದೂಕಿನ ಮೇಲೆ ಆ ಆಯೋಗಕ್ಕೆ ಅಧಿಕಾರವೇ ಇಲ್ಲ. 1972ರ ಕಾಯ್ದೆಯಲ್ಲೇ ಬಂದೂಕನ್ನು ಹೊರಗಿಟ್ಟಿದ್ದಾರೆ. ಟೋಸ್ಟರ್ ವಾಪಸ್ ಕರೆಸಬಹುದು (ಇದಕ್ಕೇ ರೀಕಾಲ್ ಅನ್ನುವುದು), ಪಿಸ್ತೂಲು ಕರೆಸಲು ಬರುವುದಿಲ್ಲ. ಹಾಗಾಗಿ ಏನು ಮಾಡಿದರೂ ಕಂಪನಿ ತಾನಾಗಿ ಮಾಡಬೇಕು. ಅದಕ್ಕೆ ಏನು ಹೆಸರು ಇಡಬೇಕು ಅನ್ನುವುದೂ ಅವರದೇ ಇಷ್ಟ. 2008ರಲ್ಲಿ ರೂಗರ್ ಕಂಪನಿ ತನ್ನ ಎಸ್‌ಆರ್9 ಪಿಸ್ತೂಲು ಬಿದ್ದರೆ ಗುಂಡು ಹಾರಬಹುದು ಅಂತ ಹೇಳಿ ರೀಕಾಲ್ ಅಂತಲೇ ಕರೆಯಿತು. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್ ಕೂಡ ಎಕ್ಸ್‌ಡಿ-ಎಸ್‌ಗೆ ಅದೇ ಪದ ಬಳಸಿತು. 2017ರ ಆಗಸ್ಟ್‌ನಲ್ಲಿ ಸಿಗ್ ಸಾವರ್ ಪಿ320ಗೆ ಮಾಡಿದ್ದು 'ವಾಲಂಟರಿ ಅಪ್‌ಗ್ರೇಡ್'.

ಆ ಪಿ320 ಕಥೆ ಡಲ್ಲಾಸ್ ಸುತ್ತಮುತ್ತ ಇರುವವರಿಗೆ ನೆನಪಿರಬೇಕು. ಇಲ್ಲಿನ ಪೊಲೀಸ್ ಇಲಾಖೆಯೇ ಅದರ ಬಳಕೆ ನಿಲ್ಲಿಸಿತ್ತು. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಸೈನ್ಯ ಅದೇ ಪಿಸ್ತೂಲಿನ ರೂಪವನ್ನು ಎಂ17 ಅಂತ ಆರಿಸಿಕೊಂಡಿತ್ತು. ಸೈನ್ಯದ ಪರೀಕ್ಷೆಯಲ್ಲೂ ಬಿದ್ದಾಗ ಗುಂಡು ಹಾರಿತ್ತು ಅಂತ 2018ರ ಜನವರಿಯ ಸರ್ಕಾರಿ ವರದಿಯಲ್ಲಿ ಬಂತು. ಸೈನ್ಯದ ಪಿಸ್ತೂಲಿಗೆ ಹಗುರವಾದ ಬಿಡಿಭಾಗ ಹಾಕಿ ಸರಿ ಮಾಡಿದ್ದರು. ಕಾರಣ ಬಹಳ ಸರಳ. ಟ್ರಿಗ್ಗರ್ ಭಾರ ಇತ್ತು. ಘಾಟಿ ಇಳಿಯುವ ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ವಾ, ಹಾಗೆ. ಪಿಸ್ತೂಲು ಹಿಂಬದಿಯಿಂದ ನೆಲಕ್ಕೆ ತಾಗಿ ನಿಂತರೂ ಟ್ರಿಗ್ಗರ್ ತನ್ನ ಭಾರಕ್ಕೆ ಹಿಂದಕ್ಕೆ ಓಡುತ್ತದೆ. ಯಾರೋ ಬೆರಳಿಟ್ಟು ಎಳೆದ ಹಾಗೆ. ನನ್ನದು ಬೇರೆ ಪಿಸ್ತೂಲು, ರೋಗ ಅದೇ.

(ಬೀಳದೆಯೇ, ಹೋಲ್‌ಸ್ಟರ್‌ನಲ್ಲಿರುವಾಗಲೇ ಹಾರಿತು ಅನ್ನುವ ದೂರುಗಳು ಬೇರೆ. 2024ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಅಂಥ ಒಂದು ಕೇಸಿನಲ್ಲಿ ಸಿಗ್ ವಿರುದ್ಧ 1.1 ಕೋಟಿ ಡಾಲರ್ ತೀರ್ಪು ಕೊಟ್ಟಿತು. ಟ್ರಿಗ್ಗರ್ ಎಳೆಯದೆ ಹಾರಲು ಸಾಧ್ಯವೇ ಇಲ್ಲ ಅಂತ ಕಂಪನಿ 2025ರಲ್ಲೂ ಹೇಳಿದೆ.)

ಇನ್ನು ನನ್ನ ಪಿಸ್ತೂಲಿನ ಕಂಪನಿಯ ಉತ್ತರ ಕೇಳಿ. ಫೋನ್ ಎತ್ತಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ನಾನು ರೀಕಾಲ್ ಅಂದರೆ ಅವಳು ಅಪ್‌ಗ್ರೇಡ್ ಅನ್ನುತ್ತಿದ್ದಳು. ಡಿಫೆಕ್ಟ್ ಅಂದರೆ ಎನ್‌ಹ್ಯಾನ್ಸ್‌ಮೆಂಟ್. ತಪ್ಪು ಕನ್ನಡ ತಿದ್ದುವ ಮೇಷ್ಟ್ರ ಹಾಗೆ ಒಂದೊಂದು ಪದವನ್ನೂ ತಿದ್ದಿದಳು. ನಮ್ಮ ಪಿಸ್ತೂಲು ಎಲ್ಲ ಮಾನದಂಡಗಳಲ್ಲೂ ಪಾಸಾಗಿದೆ ಅಂದಳು. ನಿಜ, ಪಾಸಾಗಿದೆ. ಈ ಉದ್ಯಮದವರ ಪರೀಕ್ಷೆ ಹೇಗೆ ಗೊತ್ತಾ? 4 ಅಡಿಯಿಂದ ರಬ್ಬರ್ ಮ್ಯಾಟ್ ಮೇಲೆ, ಗೊತ್ತು ಮಾಡಿದ ಕೆಲವು ದಿಕ್ಕುಗಳಲ್ಲಿ ಬೀಳಿಸುತ್ತಾರೆ. ನನ್ನ ಗ್ಯಾರೇಜಿನಲ್ಲಿ ರಬ್ಬರ್ ಮ್ಯಾಟ್ ಹಾಸಿರಲಿಲ್ಲ, ನನ್ನದೇ ತಪ್ಪು! ಪಿಸ್ತೂಲಿಗೂ ಯಾವ ದಿಕ್ಕಿನಲ್ಲಿ ಬೀಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಅವಳೂ ಕೇಳಿದಳು: ಬೆರಳು ಟ್ರಿಗ್ಗರ್ ಮೇಲಿತ್ತಾ ಸಾರ್?

ಕಳಿಸಿದ ಮೇಲೆ ಒಂಬತ್ತು ವಾರ. ಎರಡು ಸಲ ಮೇಲ್ ಹಾಕಿದೆ. ಎರಡು ಸಲವೂ ಒಂದೇ ಉತ್ತರ, ಒಂದಕ್ಷರ ಬದಲಿಲ್ಲ.

ಇವರೆಲ್ಲರಿಗಿಂತ ಬೇಜಾರಾಗಿದ್ದು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಸಿಗುವ ಗೆಳೆಯರದು. ಅದೇ ಪಿಸ್ತೂಲು ಇಟ್ಟುಕೊಂಡವರು ನಾಲ್ಕೈದು ಜನ. ಹೇಳಿದ ಕೂಡಲೇ ಗಾಬರಿಯಾಗಿ ಸೀರಿಯಲ್ ನಂಬರ್ ನೋಡುತ್ತಾರೆ ಅಂದುಕೊಂಡಿದ್ದೆ. ಒಬ್ಬ ನೋಡಿದ, ಅವತ್ತೇ ಕಳಿಸಿದ, ಅವನಿಗೆ ಒಳ್ಳೆಯದಾಗಲಿ. ಉಳಿದವರು ನಕ್ಕರು. "ನಂದು ಐದು ಸಾವಿರ ರೌಂಡ್ ಹೊಡೆದಿದೆ, ಏನೂ ಆಗಿಲ್ಲ" ಅಂದ ಒಬ್ಬ. ಅರೆ, ರೌಂಡ್ ಹೊಡೆಯುವುದಕ್ಕೂ ಕೆಳಗೆ ಬೀಳುವುದಕ್ಕೂ ಏನು ಸಂಬಂಧ? ಇನ್ನೊಬ್ಬ ತನ್ನದರ ಟ್ರಿಗ್ಗರ್ ಹೊರಗೆ ಎಲ್ಲೋ ಬದಲಿಸಿದ್ದಾನೆ, ಈಗ ಕಳಿಸಿದರೆ ಕಂಪನಿಯವರು ಅದನ್ನು ಕಿತ್ತು ಹಾಕುತ್ತಾರೆ ಅಂತ ಕಳಿಸಿಲ್ಲ. ಮತ್ತೊಬ್ಬ, ವಯಸ್ಸಾದವನು, ಬಿಳಿಯ, ಹೆಗಲ ಮೇಲೆ ಕೈಯಿಟ್ಟು ಹೇಳಿದ: ಗನ್ ಬೀಳಿಸುವವರು ಗನ್ ಇಟ್ಟುಕೊಳ್ಳಬಾರದು ಮಗನೇ. ತಾತನ ಮಾತಿನ ಹಾಗೇ ಇತ್ತು. ಅದಕ್ಕೇ ಉತ್ತರ ಕೊಡಲಾಗಲಿಲ್ಲ. ಕೊಟ್ಟ ದುಡ್ಡಿನ ಮೇಲೆ ಮನುಷ್ಯನಿಗೆ ಇಷ್ಟು ಮೋಹ ಇರುತ್ತಾ? ನನ್ನ ಕೈ ಜಾರಿತು ಅನ್ನುವುದು ನಿಜ. ಕೈ ಜಾರಿದರೆ ನೆಲಕ್ಕೆ ಬೀಳಬೇಕು, ಒಲೆ ಕಡೆಗೆ ಗುಂಡು ಯಾಕೆ ಹೋಗಬೇಕು?

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ದುಡ್ಡು ಕೊಡುವ ಮುಂಚೆ, ಅಲ್ಲೇ ನಿಂತು, ಫೋನ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಕಂಪನಿಯ ಸೈಟ್‌ನಲ್ಲಿ ರೀಕಾಲ್ ಅಂತ ಹುಡುಕಿದರೆ ಸಿಗದಿರಬಹುದು. ಅಪ್‌ಗ್ರೇಡ್, ಸೇಫ್ಟಿ ನೋಟಿಸ್, ಹೀಗೆ ಸಿಹಿ ಹೆಸರುಗಳನ್ನೆಲ್ಲ ಹುಡುಕಿ. ಅಪ್‌ಗ್ರೇಡ್ ಆಗಿದೆ ಅಂತ ಮಾರುವವರು ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಕೇಳಿ. ಡಬ್ಬಿಯ ಸ್ಪಂಜು ಎತ್ತಿ. ನಮ್ಮವರು ಅಂತ ಸಂಕೋಚ ಬೇಡ. ನಮ್ಮವರಾದರೆ ಇನ್ನೊಂದು ಸಲ ಎತ್ತಿ.

ಕಳೆದ ವಾರ ಪಿಸ್ತೂಲು ವಾಪಸ್ ಬಂತು. ಜೊತೆಗೆ ಒಂದು ಚೀಟಿ, ಧನ್ಯವಾದ ಅಂತ. ಡಬ್ಬಿ ಇನ್ನೂ ಬಿಚ್ಚಿಲ್ಲ. ಮೇಲಿನ ಅಟ್ಟದಲ್ಲಿ ಬೀಗ ಹಾಕಿಟ್ಟಿದ್ದೇನೆ. ಹೆಂಡತಿ ಅದರ ಕಡೆ ನೋಡುವುದೂ ಇಲ್ಲ. ತೂತು ಬಿದ್ದ ಚೀಲದ ಅಕ್ಕಿಯನ್ನೂ ಅವಳು ಅಡುಗೆಗೆ ಬಳಸಲಿಲ್ಲ, ಹಿತ್ತಲಲ್ಲಿ ಹಕ್ಕಿಗಳಿಗೆ ಹಾಕಿದಳು.

ಬಂದ ಸುದ್ದಿ ಅಣ್ಣನಿಗೆ ಯಾರು ಹೇಳಿದರೋ. ಮೊನ್ನೆ ಮೆಸೇಜ್: "ವಾಪಸ್ ಬಂತಂತೆ? ಈಗ ಅಪ್‌ಗ್ರೇಡ್ ಆಗಿದೆಯಲ್ಲ, ನಾನೇ ತಗೋತೀನಿ ಬಿಡು. ಮುನ್ನೂರು ಕೊಡ್ತೀನಿ."