ಅಮೆರಿಕದ ಕಾಲೇಜಿಗೆ ಬೇಗ ಅರ್ಜಿ: ಪಿ.ಜೆ. ಬಡಾವಣೆಯ ಸಲಹಾ ಕೇಂದ್ರ ಹೇಗಿದೆ?

ಮಗಳಿಗೆ ಅಮೆರಿಕದ ಒಂದೇ ಕಾಲೇಜಿನ ಮೇಲೆ ಕಣ್ಣು. ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಒಪ್ಪಂದದ ಮೇಲೆ ಬೇಗ ಅರ್ಜಿ ಹಾಕುವ ದಾರಿಯಲ್ಲಿ, ಹಾಕಬೇಕಾ ಬೇಡ್ವಾ ಅಂತ ಕೇಳಲು ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಸಲಹಾ ಕೇಂದ್ರಕ್ಕೆ ಹೋಗಿದ್ದೆವು.

ಅಲ್ಲಿನ ಮೇಡಂ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದು ಚೆನ್ನಾಗಿ ಬಿಡಿಸಿ ಹೇಳಿದರು. ಈ ದಾರಿಯಲ್ಲಿ ಒಂದೇ ಕಾಲೇಜು. ಅರ್ಜಿ ಸಾಮಾನ್ಯವಾಗಿ ನವೆಂಬರ್ 1ರೊಳಗೆ, ಉತ್ತರ ಡಿಸೆಂಬರ್ ಮಧ್ಯದಲ್ಲಿ. ಸೀಟು ಸಿಕ್ಕರೆ ಬೇರೆ ಕಾಲೇಜುಗಳಿಗೆ ಮಾಮೂಲಿಯಾಗಿ ಹಾಕಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ಒಪ್ಪಂದಕ್ಕೆ ಮಗಳು, ನಾವು, ಅವಳ ಪಿಯು ಕಾಲೇಜಿನವರು, ಎಲ್ಲರ ಸಹಿಯೂ ಬೇಕು. ಸಿಇಟಿಯಲ್ಲಿ ಚಾಯ್ಸ್ 2 ಒತ್ತಿ ಮುಂದಿನ ಸುತ್ತಿಗೆ ಕಾಯುತ್ತೇವಲ್ಲ, ಆ ಆಟ ಇಲ್ಲಿ ನಡೆಯುವುದಿಲ್ಲ.

ದುಡ್ಡಿನ ಮಾತು ಬಂದಾಗ ಮಾತ್ರ ತೇಲಿಸಿದರು. ಕಾಲೇಜು ಕೊಡುವ ನೆರವು ಸಾಲದಿದ್ದರೆ ಒಪ್ಪಂದ ಬಿಡಬಹುದು, ನಿಜ. ಆದರೆ ಬೇರೆ ಕಾಲೇಜು ಎಷ್ಟು ಕೊಡುತ್ತದೆ ಅಂತ ತಾಳೆ ನೋಡುವ ಅವಕಾಶವೇ ಇರುವುದಿಲ್ಲ. ನಮ್ಮಂಥವರಿಗೆ ಅದೇ ಮುಖ್ಯ ಅಲ್ವಾ? ನನ್ನ ತಮ್ಮ ಪಟ್ಟು ಹಿಡಿದು ಕೇಳಿದ ಮೇಲೆ ಬಾಯಿ ಬಿಟ್ಟರು.

ಮೊದಲ ಭೇಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅರ್ಜಿಯ ಜೊತೆ ಕಳಿಸುವ ಪ್ರಬಂಧ ತಿದ್ದುವ ಪ್ಯಾಕೇಜ್‌ನ ರೇಟು ತುಂಬಾ ಜಾಸ್ತಿ, ಬೇಡ ಅಂದೆವು. ಶನಿವಾರ ಸಂಜೆ ಹೋಗಬೇಡಿ, ಮೆಟ್ಟಿಲ ಮೇಲೇ ಕಾಯಬೇಕಾಗುತ್ತದೆ.