ಹಳೇ ಸುಣ್ಣದ ಗೋಡೆಗೆ ಸಿಮೆಂಟು, ಪುಟ್ಟಿ ಮೆತ್ತಿಸುವ ಮುನ್ನ ಇದನ್ನು ಓದಿ

ನಿಮ್ಮದು ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಅಥವಾ ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಮಾಡಿದ ಹಳೇ ಮನೆಯಾಗಿದ್ದರೆ, "ಕೆಳಗಡೆ ಮೂರಡಿ ಸಿಮೆಂಟ್ ಹೊಡೆದು ಪುಟ್ಟಿ ಎಳೆದುಬಿಡೋಣ" ಎನ್ನುವವರ ಮಾತಿಗೆ ಒಪ್ಪಬೇಡಿ. ಸಾಗರದ ಕಡೆಯ ನಮ್ಮ ಮನೆಯ ನಡುಮನೆ ಹಾಳಾದದ್ದು ಇದರಿಂದಲೇ.

ತಂಗಿಯ ಮದುವೆಗೆ ಬಣ್ಣ ಮಾಡಿಸುವುದಿತ್ತು. ಗೋಡೆಯ ಬುಡದಲ್ಲಿ ಗೇಣುದ್ದ ಪಸೆ. ಅಜ್ಜನ ಕಾಲದಿಂದಲೂ ಮಳೆಗಾಲದಲ್ಲಿ ಕಾಣಿಸಿಕೊಂಡು ಬೇಸಿಗೆಯಲ್ಲಿ ಆರುತ್ತಿದ್ದ ಕಲೆ ಅದು, ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಸಾಕಾಗುತ್ತಿತ್ತು. ಪೇಟೆಯಿಂದ ಬಂದ ಗುತ್ತಿಗೆದಾರ ಬೆರಳಲ್ಲಿ ತಟ್ಟಿ, "ಅಯ್ಯಾ, ಈ ಗಾರೆ ಸತ್ತುಹೋಗಿದೆ, ಇನ್ನು ನಿಲ್ಲಲ್ಲ" ಅಂದ. ಅಪ್ಪಯ್ಯ ನಂಬಿದರು. ನೀರು ಎಲ್ಲಿಂದ ಬರುತ್ತಿದೆ ಎಂದು ಆತ ಹೊರಗೆ ಹೋಗಿ ನೋಡಲೇ ಇಲ್ಲ. ಗಾರೆ ಕೆತ್ತಿಸಿ ವಾಟರ್‌ಪ್ರೂಫ್ ದ್ರಾವಣ ಬೆರೆಸಿದ ಸಿಮೆಂಟ್ ಹೊಡೆಸಿದ. ಅದರ ಮೇಲೆ ಪುಟ್ಟಿ, ಪ್ರೈಮರ್, ಹೊಳೆಯುವ ಎಮಲ್ಷನ್ ಎಂಬ ಪ್ಲಾಸ್ಟಿಕ್ ಬಣ್ಣ. ಮದುವೆ ಫೋಟೋದಲ್ಲಿ ಗೋಡೆ ಚೆನ್ನಾಗೇ ಬಂದಿದೆ.

ಆಷಾಢ ಕಳೆಯುವಷ್ಟರಲ್ಲಿ ಸಿಮೆಂಟ್ ಪಟ್ಟಿಯ ಮೇಲಂಚಿನುದ್ದಕ್ಕೂ ಕಂದು ಗೆರೆ ಮೂಡಿತು. ಅಷ್ಟು ಎತ್ತರಕ್ಕೆ ಹಿಂದೆಂದೂ ಪಸೆ ಏರಿರಲಿಲ್ಲ. ಬಣ್ಣವೆಲ್ಲ ಗುಳ್ಳೆ ಎದ್ದಿತು. ಒಂದನ್ನು ಉಗುರಲ್ಲಿ ಒಡೆದರೆ ಸಣ್ಣ ಸಣ್ಣ ಬಿಳಿ ಉಪ್ಪಿನ ಎಳೆ ಉದುರಿದವು. ಬಣ್ಣದ ಹಿಂದಿದ್ದ ಪುಟ್ಟಿ ಕಲಸಿಟ್ಟ ಹಿಟ್ಟಿನಂತೆ ಕೈಗೆ ಮೆತ್ತಿತು. ಬಾಗಿಲ ದಾರಂದದ ಬುಡ ಮೆತ್ತಗಾಗಿತ್ತು. ಬೂಷ್ಟು ವಾಸನೆಗೆ ಅಮ್ಮನ ಕೆಮ್ಮು ನಿಲ್ಲಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಹಳೇ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ನೀರನ್ನು ಕಲ್ಲು, ಮಣ್ಣು ಹೀರಿ ಮೇಲೆಳೆಯುತ್ತವೆ. ಸುಣ್ಣದ ಗಾರೆ ಆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಸಿಮೆಂಟೂ ಪ್ಲಾಸ್ಟಿಕ್ ಬಣ್ಣವೂ ಆ ದಾರಿ ಕಟ್ಟಿದರೆ ನೀರು ನಿಲ್ಲುವುದಿಲ್ಲ, ಹೊರದಾರಿ ಸಿಗುವ ತನಕ ಮೇಲೇರುತ್ತದೆ. ಜೊತೆಗೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಎಬ್ಬಿಸುತ್ತದೆ. ಇಂಥ ಗೋಡೆಗಿಂತ ಸಿಮೆಂಟ್ ಗಟ್ಟಿ. ಕೀಳುವಾಗ ನಮ್ಮ ಜಂಬಿಟ್ಟಿಗೆಯ ಮೈಯೂ ಕಿತ್ತು ಬಂತು.

ಗುತ್ತಿಗೆದಾರನನ್ನು ಕರೆಸಿದರೆ, "ನೆಲದ ನೀರಿಗೆ ನಾನೇನು ಮಾಡ್ಲಿ?" ಅಂದ. ಇನ್ನೊಂದು ಕೋಟಿಂಗ್ ಹೊಡೆಯೋಣ, ಅದರ ದುಡ್ಡು ಬೇರೆ ಅಂದ. ಈ ಎರಡನೇ ಮಾತಿಗಂತೂ ದಯವಿಟ್ಟು ಬೀಳಬೇಡಿ.

ಆಮೇಲೆ ಬಂದ ಊರಿನ ಹಿರಿಯ ಗಾರೆ ಮೇಸ್ತ್ರಿ ಮೊದಲು ಹೋದದ್ದು ಹಿತ್ತಲಿಗೆ. ಅಲ್ಲಿ ಹಾಕಿಸಿದ್ದ ಕಾಂಕ್ರೀಟು ಒಳಗಿನ ನೆಲಕ್ಕಿಂತ ಎತ್ತರ, ಅದೂ ಗೋಡೆಯ ಕಡೆಗೇ ಇಳಿಜಾರು. ಮಾಡಿನ ನೀರೆಲ್ಲ ಬಂದು ನಿಲ್ಲುತ್ತಿದ್ದದ್ದು ಗೋಡೆಯ ಬುಡದಲ್ಲಿ! ಅದನ್ನು ಒಡೆಸಿ ಚರಂಡಿ ತೆಗೆಸಿದ ಮೇಲೆಯೇ ಅವರು ಒಳಗಿನ ಕೆಲಸ ಹಿಡಿದದ್ದು. ಸಿಮೆಂಟ್ ಕಿತ್ತು ಗೋಡೆಯನ್ನು ಬೇಸಿಗೆಯಿಡೀ ಆರಲು ಬಿಟ್ಟರು. ಉಪ್ಪನ್ನು ಒಣ ಬ್ರಷ್ಷಿನಲ್ಲೇ ಉಜ್ಜಿ ತೆಗೆಸಿದರು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಮೊದಲೇ ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ತೆಳುವಾಗಿ ಪದರ ಪದರವಾಗಿ ಹಚ್ಚಿದರು. ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡದಂತೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಮೇಲೆ ಬರೀ ಸುಣ್ಣ.

ಪಸೆ ಗೋಡೆಯೊಳಗಿನದೋ, ಕೋಣೆಯ ಗಾಳಿಯದೋ ಎಂದು ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಕಟ್ಟಿದರೆ ಕಿಟಕಿ ತೆಗೆದು ಗಾಳಿಯಾಡಿಸಿ, ಗೋಡೆ ಕೆತ್ತಿಸಬೇಡಿ.

ಇಟ್ಟಿಗೆ-ಸಿಮೆಂಟಿನ ಹೊಸ ಮನೆಯವರಿಗೆ ಈ ಸುಣ್ಣದ ಮಾತು ಅನ್ವಯಿಸುವುದಿಲ್ಲ. ಸುಣ್ಣದ ಕೆಲಸ ಮಾಡಿಸುವವರು ಮಾತ್ರ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಯಾರನ್ನೂ ಕಲಸಲು ಬಿಡಬೇಡಿ. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳವಾಗಿ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ.